ಕಡಿಯೋಕೇ ಇರೋ ಬೋಲ್ಟು: ಸ್ಲ್ಯಾಷರ್ ಮತ್ತು ಫ್ಲೇಲ್ ಮೂವರ್ ನಡೆದು ಬಂದ ದಾರಿ

ಹೋದ ವರ್ಷ ಮಳೆಗಾಲದಲ್ಲಿ ತೆಂಗಿನ ತೋಟದ ಹುಲ್ಲು ಸೊಂಟದೆತ್ತರ ಬಂದಿತ್ತು. ಸ್ಲ್ಯಾಷರ್ ಹೊಡೀತಿದ್ದೆ. ಮಧ್ಯಾಹ್ನದೊಳಗೆ ಮೂರು ಸಲ ಶಿಯರ್ ಬೋಲ್ಟ್ ಕಡೀತು. ಪ್ರತಿ ಸಲವೂ ಇಳಿ, ಬಗ್ಗು, ಮುರಿದ ಚೂರು ತಟ್ಟಿ ತೆಗಿ, ಹೊಸದು ಹಾಕು. ನಾಲ್ಕನೇ ಸಲ ತಲೆ ಕೆಟ್ಟು, ಟೂಲ್ ಬಾಕ್ಸಲ್ಲಿದ್ದ 8.8 ಅಂತ ಬರೆದಿರೋ ಗಟ್ಟಿ ಬೋಲ್ಟ್ ಹಾಕಿಬಿಟ್ಟೆ. ಎರಡು ದಿನ ಒಂದು ತೊಂದರೆಯೂ ಇಲ್ಲ. ಮೂರನೇ ದಿನ ಹುಲ್ಲೊಳಗೆ ಅಡಗಿದ್ದ ಹಳೇ ಮರದ ಬುಡಕ್ಕೆ ಬ್ಲೇಡು ಬಡೀತು. ಬೋಲ್ಟಿಗೆ ಏನೂ ಆಗಲಿಲ್ಲ. ಗೇರ್ ಬಾಕ್ಸಿನೊಳಗಿನ ಹಲ್ಲು ಹೋಯ್ತು.

ರಿಪೇರಿ ಮಾಡೋ ಹುಡುಗ ಗೇರ್ ಬಾಕ್ಸ್ ಬಿಚ್ಚಿ, ಬೋಲ್ಟ್ ಕೈಯಲ್ಲಿ ಹಿಡಿದು "ಅಣ್ಣಾ, ಇದು ಕಡಿಯೋಕೇ ಇರೋದು, ನೀವು ಕಡೀದೇ ಇರೋದು ಹಾಕಿದ್ದೀರ" ಅಂದ. ಇಪ್ಪತ್ತು ರೂಪಾಯಿ ಉಳಿಸೋಕೆ ಹೋಗಿ ಒಂದು ತಿಂಗಳ ಕೊಬ್ಬರಿ ದುಡ್ಡು ಕೊಟ್ಟೆ. ಆಮೇಲೆ ಈ ಯಂತ್ರಗಳು ಎಲ್ಲಿಂದ ಬಂದವು, ಆ ಬೋಲ್ಟ್ ಯಾಕೆ ಬಂತು ಅಂತ ಓದೋಕೆ ಶುರು ಮಾಡಿದೆ. "ಸ್ಲ್ಯಾಷರ್ ತಗೊಳ್ಳೋದಾ, ಫ್ಲೇಲ್ ತಗೊಳ್ಳೋದಾ, ಯಾವುದಕ್ಕೆ ಖರ್ಚು ಕಮ್ಮಿ" ಅಂತ ಇಲ್ಲಿ ತುಂಬಾ ಜನ ಕೇಳ್ತೀರಿ. ಅದಕ್ಕೆ ಉತ್ತರ ಈ ಕಥೆಯಲ್ಲೇ ಇದೆ ಅಂತ ನನಗನ್ನಿಸಿದೆ.

ಮೊದಲು ಇದ್ದದ್ದು ಕತ್ತರಿ ಥರದ ಮೂವರ್. ಉದ್ದನೆ ಪಟ್ಟಿ ಮೇಲೆ ಸಾಲಾಗಿ ತ್ರಿಕೋನದ ಅಲಗುಗಳು, ಅವು ಎಡಕ್ಕೂ ಬಲಕ್ಕೂ ಓಡಾಡಿ ಕೊಯ್ಯುತ್ತವೆ. ಅಮೆರಿಕದಲ್ಲಿ ಒಬೆಡ್ ಹಸ್ಸಿ 1833ರಲ್ಲಿ, ಸೈರಸ್ ಮೆಕಾರ್ಮಿಕ್ 1834ರಲ್ಲಿ ಪೇಟೆಂಟ್ ಮಾಡಿಸಿದ ಕುದುರೆ ಎಳೆಯೋ ಕೊಯ್ಲಿನ ಯಂತ್ರಗಳು ಇದೇ ಜಾತಿಯವು. ಹುಲ್ಲುಗಾವಲಿಗೆ ಇದರಷ್ಟು ಚೆನ್ನಾಗಿ ಕೊಯ್ಯೋದು ಇನ್ನೊಂದಿಲ್ಲ. ಆದರೆ ಅಲಗು ಚೂಪಾಗಿಯೇ ಇರಬೇಕು, ಪೊದೆ ಬುಡಕ್ಕೋ ಕಲ್ಲಿಗೋ ತಗುಲಿದರೆ ಅಲಗು ಮುರೀತಿತ್ತು. ರಿವೆಟ್ ತೆಗೆದು ಬೇರೆಯದು ಕೂರಿಸಬೇಕು. ಪೊದೆ ಬೆಳೆದ ಜಮೀನಿಗೆ ಇದು ಆಗುವ ಕೆಲಸ ಅಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರ್ ಬದಲಾಯ್ತು. 1918ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ 8-16 ಟ್ರ್ಯಾಕ್ಟರಿಗೆ ಪಿಟಿಓ ಕೊಟ್ಟಿತು. ನಾವು ಇವತ್ತಿಗೂ ಹೇಳೋ 540ರ ಲೆಕ್ಕ 1920ರ ದಶಕದಲ್ಲಿ ಅಲ್ಲಿ ಗೊತ್ತಾದದ್ದು. 1939ರಲ್ಲಿ ಫೋರ್ಡ್-ಫರ್ಗುಸನ್ 9ಎನ್ ಬಂದು, ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟ್ ಸಣ್ಣ ರೈತನ ಕೈಗೂ ಸಿಕ್ಕಿತು. ಹಿಂದೆ ಯಂತ್ರ ನೇತುಹಾಕಬಹುದು, ತಿರುಗಿಸಲೂಬಹುದು ಅಂತಾದ ಮೇಲೆ ಅಡ್ಡಕ್ಕೆ ತಿರುಗೋ ಬ್ಲೇಡಿನ ಯಂತ್ರ ದೂರ ಇರಲಿಲ್ಲ. 1951ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾ ಊರಲ್ಲಿ ಬುಷ್ ಹಾಗ್ ಕಂಪನಿ ಶುರುವಾಯ್ತು. ಪೊದೆಯನ್ನು ಹಂದಿ ಥರ ತಿಂತದೆ ಅಂತ ಯಾರೋ ರೈತ ಅಂದಿದ್ದಕ್ಕೆ ಆ ಹೆಸರು ಅಂತ ಕಥೆ. ಅಲ್ಲಿನ ರೈತರು ಯಾವ ಕಂಪನಿಯ ಸ್ಲ್ಯಾಷರನ್ನಾದರೂ ಇವತ್ತಿಗೂ ಬುಷ್ ಹಾಗ್ ಅಂತಲೇ ಕರೀತಾರೆ, ನಾವು ಮಣ್ಣು ತೋಡೋ ಯಂತ್ರಕ್ಕೆಲ್ಲ ಜೆಸಿಬಿ ಅನ್ನೋ ಹಾಗೆ.

ಇದರ ಉಪಾಯ ಏನು ಅಂದ್ರೆ, ಚೂಪಿನ ಬದಲು ಭಾರ. ಎರಡು ದಪ್ಪ ಬ್ಲೇಡು ಒಂದೊಂದು ಬೋಲ್ಟಿನ ಮೇಲೆ ಸಡಿಲವಾಗಿ ಕೂತಿರ್ತವೆ. ಗಟ್ಟಿ ವಸ್ತು ತಗುಲಿದರೆ ಹಿಂದಕ್ಕೆ ಮಡಚಿಕೊಳ್ತವೆ. ನಡುವೆ ತಟ್ಟೆ ಥರದ್ದು ಬುಡಗಳ ಮೇಲೆ ಜಾರಿಕೊಂಡು ಹೋಗುತ್ತೆ. ಬ್ಲೇಡು ಮೊಂಡಾದರೂ ಕೆಲಸ ನಡೆಯುತ್ತೆ. ಅಲಗು ಮಸೆಯೋ ಕಷ್ಟ ಅಲ್ಲಿಗೆ ಮುಗೀತು. ಆದರೆ ಆ ಪೆಟ್ಟು ಎಲ್ಲಿಗೋ ಹೋಗಲೇಬೇಕಲ್ಲ? ಬ್ಲೇಡು, ಗೇರ್ ಬಾಕ್ಸ್, ಶಾಫ್ಟು, ಟ್ರ್ಯಾಕ್ಟರಿನ ಪಿಟಿಓ, ಹೀಗೆ ಸಾಲಾಗಿ. ಆ ಸಾಲಿನಲ್ಲಿ ಬೇಕಂತಲೇ ಒಂದು ಮೆತ್ತನೆ ಜಾಗ ಇಟ್ಟರು. ಅದೇ ಶಿಯರ್ ಬೋಲ್ಟ್, ಕೆಲವದರಲ್ಲಿ ಸ್ಲಿಪ್ ಕ್ಲಚ್.

ಇನ್ನೊಂದು ವಿಷಯ ನಮ್ಮಲ್ಲಿ ಹಳೇ ಸಿಂಗಲ್ ಕ್ಲಚ್ ಟ್ರ್ಯಾಕ್ಟರ್ ಇರೋರು ಗಮನಿಸಿ. ಆ ಕಾಲದ ಫೋರ್ಡ್, ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ ಪಿಟಿಓ ಗೇರ್ ಬಾಕ್ಸಿನ ಮೂಲಕ ತಿರುಗ್ತಿತ್ತು. ಕ್ಲಚ್ ತುಳಿದರೆ ಎಂಜಿನ್ ಬಿಡುತ್ತೆ, ಆದರೆ ತಿರುಗ್ತಿರೋ ಬ್ಲೇಡಿನ ಭಾರ ಹಿಂದಿನಿಂದ ಗೇರುಗಳನ್ನ ತಿರುಗಿಸಿ ಟ್ರ್ಯಾಕ್ಟರನ್ನೇ ಮುಂದಕ್ಕೆ ತಳ್ತಿತ್ತು. ಬೇಲಿಗೆ ನುಗ್ಗಿದವರು, ಹಳ್ಳಕ್ಕೆ ಇಳಿದವರು ಇದ್ದಾರೆ. ಅದಕ್ಕೆ ಸೈಕಲ್ಲಿನ ಫ್ರೀ ವೀಲ್ ಥರ ಒಂದೇ ಕಡೆ ಹಿಡಿಯೋ ಕಪ್ಲಿಂಗ್ ಬಂತು. 1946ರಲ್ಲಿ ಕೆನಡಾದ ಕಾಕ್‌ಶಟ್ 30 ಟ್ರ್ಯಾಕ್ಟರ್ ಪಿಟಿಓಗೆ ಬೇರೆ ಕ್ಲಚ್ಚನ್ನೇ ಕೊಟ್ಟಿತ್ತು, ಆದರೆ ಹಳೇ ಟ್ರ್ಯಾಕ್ಟರುಗಳು ಹೊಲದಲ್ಲಿ ಹಾಗೇ ಇದ್ದವು. ನಮ್ಮಲ್ಲೂ ಇವೆ. ನಿಮ್ಮದು ಸಿಂಗಲ್ ಕ್ಲಚ್ ಆಗಿದ್ದರೆ ಸ್ಲ್ಯಾಷರಿನ ಕಡೆ ಆ ಫ್ರೀ ವೀಲ್ ಇದೆಯಾ ನೋಡಿಕೊಳ್ಳಿ. ಬಾವಿ ದಂಡೆ, ಕೃಷಿ ಹೊಂಡದ ಹತ್ತಿರ ಹೊಡೆಯೋ ಮುಂಚೆಯಂತೂ ನೋಡಲೇಬೇಕು.

ಇನ್ನು ಕಲ್ಲಿನ ವಿಷಯ. ಐದು ಅಡಿ ಸ್ಲ್ಯಾಷರಿನ ಬ್ಲೇಡು ನಿಮಿಷಕ್ಕೆ 900 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 250 ಕಿ.ಮೀ.ಗೂ ಮೇಲೆ ಓಡುತ್ತೆ, ನೀವೇ ಲೆಕ್ಕ ಹಾಕಿ. ನಮ್ಮ ಪಂಪ್ ಮನೆ ತಗಡಲ್ಲಿ ಒಂದು ತೂತು ಇದೆ. ಅವತ್ತು ಆ ಜಾಗದಿಂದ ಮಗ ನೀರು ಬಿಟ್ಟು ಆಗಷ್ಟೇ ಈಚೆ ಬಂದಿದ್ದ. ಈಗ ಹಿಂದೆ ಚೈನ್ ಪರದೆ ಇಲ್ಲದೆ ಸ್ಲ್ಯಾಷರ್ ಎತ್ತೋದಿಲ್ಲ.

ಫ್ಲೇಲ್ ಇದನ್ನ ಬೇರೆ ಥರ ಯೋಚಿಸಿದ ಯಂತ್ರ. ಫ್ಲೇಲ್ ಅಂದ್ರೆ ಯುರೋಪಿನ ರೈತರು ಕಾಳು ಬಡೀತಿದ್ದ ಕೀಲಿನ ಕೋಲು. ನಾವು ಅವರೆ ಬಡಿಯೋ ಕೋಲಿಗೆ ತುದಿಯಲ್ಲೊಂದು ಕೀಲು ಇದ್ದ ಹಾಗೆ. ಯಂತ್ರದಲ್ಲಿ ಅಡ್ಡನೆ ಉರುಳೆಗೆ ಹತ್ತಾರು ಸಣ್ಣ ಅಲಗೋ ಸುತ್ತಿಗೆಯೋ ನೇತಾಡ್ತವೆ. ಒಂದೊಂದೂ ಹಗುರ, ಮೇಲೆ ಮುಚ್ಚಳ, ಹಿಂದೆ ರೋಲರ್. ತುದಿಯ ವೇಗವೂ ಕಮ್ಮಿ, ಕಲ್ಲು ದೂರ ಹಾರೋದೂ ಕಮ್ಮಿ. ಬ್ರಿಟನ್ನಿನಲ್ಲಿ ರಸ್ತೆ ಬದಿ ಹುಲ್ಲು, ಹಸಿರು ಬೇಲಿ ಸವರೋಕೆ ಇದೇ ರೂಢಿಯಾದದ್ದು ಸುಮ್ಮನಲ್ಲ.

ಇದೇ ತತ್ವ ಯುದ್ಧದಲ್ಲೂ ಇತ್ತು. 1942ರ ಅಕ್ಟೋಬರಿನಲ್ಲಿ ಎಲ್ ಅಲಮೈನ್ ಕದನದಲ್ಲಿ, ಆಮೇಲೆ 1944ರಲ್ಲಿ ನಾರ್ಮಂಡಿಯಲ್ಲಿ, ಬ್ರಿಟಿಷರು ಟ್ಯಾಂಕಿನ ಮುಂದೆ ತಿರುಗೋ ಉರುಳೆಗೆ ಚೈನು ಕಟ್ಟಿ ನೆಲ ಬಡಿದು ಮೈನುಗಳನ್ನ ಸಿಡಿಸ್ತಿದ್ದರು. ನಾರ್ಮಂಡಿಯ ಟ್ಯಾಂಕಿನ ಹೆಸರು ಶರ್ಮನ್ ಕ್ರ್ಯಾಬ್. ಮೈನ್ ಸಿಡಿದಾಗ ಚೈನು ಹೋಗೋದು, ಬೇರೆ ಕಟ್ಟೋರು. ಆದರೆ ಮುಳ್ಳುತಂತಿ ಉರುಳೆಗೆ ಸುತ್ತಿಕೊಂಡರೆ ಕೆಲಸವೇ ನಿಲ್ತಿತ್ತು. ಅದಕ್ಕೆ ಕ್ರ್ಯಾಬ್‌ನ ಉರುಳೆಯ ಎರಡೂ ತುದಿಗೆ ತಂತಿ ಕತ್ತರಿಸೋ ಅಲಗು ಹಾಕಿದರು.

ಇದನ್ನ ಓದಿ ನನಗೆ ನಗು ಬಂತು. ನಮ್ಮ ಭಾವನ ಫ್ಲೇಲ್ ಕೆಟ್ಟದ್ದೂ ಹೀಗೇ. ಅಲ್ಲಿ ಮುಳ್ಳುತಂತಿ, ಇಲ್ಲಿ ಹಳೇ ಡ್ರಿಪ್ ಪೈಪು. ಉರುಳೆಯ ತುದಿಗೆ ಪೈಪು, ತೆಂಗಿನ ನಾರು ಸುತ್ತಿಕೊಂಡು ಸೀಲ್ ತಿಂದು ಬೇರಿಂಗ್ ಒಳಗೆ ಧೂಳು ಹೋಗಿತ್ತು. ಮೇಲಿಂದ ಗ್ರೀಸ್ ಹೊಡೆದದ್ದೇ ಹೊಡೆದದ್ದು, ಒಳಗೆ ಬೇರಿಂಗ್ ಸುಟ್ಟಿತ್ತು. ಇನ್ನೊಂದು ಸಲ ಒಂದೇ ಕಡೆ ನಾಲ್ಕು ಹೊಸ ಸುತ್ತಿಗೆ ಹಾಕಿದ್ದರು. ಎದುರು ಕಡೆ ಸವೆದವು ಹಗುರ, ಇವು ಭಾರ. ಉರುಳೆ ನಡುಗಿ ನಡುಗಿ ವೆಲ್ಡಿಂಗೇ ಬಿಟ್ಟಿತು. ಒಂದು ಬದಲಾಯಿಸಿದರೆ ಅದರ ನೇರ ಎದುರಿನದನ್ನೂ ಬದಲಾಯಿಸಬೇಕು, ಅಷ್ಟೇ.

ನಮ್ಮ ದೇಶದಲ್ಲಿ ಭತ್ತದ ಹುಲ್ಲು ಸುಡೋದು ನಿಲ್ಲಿಸೋಕೆ ಅಂತ 2018ರಲ್ಲಿ ಕೇಂದ್ರ ಸರ್ಕಾರ ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ದಿಲ್ಲಿಗೆ ಸಹಾಯಧನದ ಯೋಜನೆ ತಂತು. ಆ ಪಟ್ಟಿಯಲ್ಲಿ ಮಲ್ಚರ್ ಇತ್ತು, ರೋಟರಿ ಸ್ಲ್ಯಾಷರೂ ಇತ್ತು. ನಾವು ಮಲ್ಚರ್ ಅನ್ನೋದು ಫ್ಲೇಲಿನ ಜಾತಿಯದೇ. ಅಲ್ಲಿನ ಭತ್ತದ ಗದ್ದೆಯಲ್ಲಿ ಕಲ್ಲಿಲ್ಲ, ಬುಡ ಇಲ್ಲ. ಆ ಯಂತ್ರವನ್ನ ನಮ್ಮ ಗರಸು ನೆಲದ ತೋಟಕ್ಕೆ ತಂದು "ಸುತ್ತಿಗೆ ಬೇಗ ಸವೀತವೆ" ಅಂದ್ರೆ ಯಂತ್ರದ ತಪ್ಪಲ್ಲ.

ನನ್ನ ಲೆಕ್ಕ ಇಷ್ಟು. ಸ್ಲ್ಯಾಷರಿಗೆ ನೋಡಬೇಕಾದ ಜಾಗ ಕಮ್ಮಿ: ಗೇರ್ ಬಾಕ್ಸ್ ಎಣ್ಣೆ, ಕೆಳಗಿನ ಸೀಲು, ಬ್ಲೇಡ್ ಬೋಲ್ಟ್, ಶಾಫ್ಟಿನ ಕ್ರಾಸು. ಆದರೆ ತಪ್ಪು ಮಾಡಿದರೆ ಒಂದೇ ಪೆಟ್ಟಿಗೆ ದೊಡ್ಡ ಖರ್ಚು. ಫ್ಲೇಲಿಗೆ ದಿನಾ ಹತ್ತು ನಿಮಿಷ ಬಗ್ಗಬೇಕು: ಉರುಳೆ ತುದಿ, ಬೇರಿಂಗ್, ಬೆಲ್ಟಿನ ಬಿಗಿ, ರೋಲರ್, ಒಂದೊಂದು ಸುತ್ತಿಗೆ. ಖರ್ಚು ಸಣ್ಣ ಸಣ್ಣದು, ಆದರೆ ನಿಲ್ಲೋದಿಲ್ಲ. ಬಾಡಿಗೆ ಡ್ರೈವರ್ ಕೈಗೆ ಕೊಡೋರಿಗೆ ಫ್ಲೇಲ್ ಬೇಡ ಅಂತೀನಿ, ಅವನು ಬಗ್ಗೋದಿಲ್ಲ. ಮನೆ ಪಕ್ಕ, ರಸ್ತೆ ಪಕ್ಕ ತೋಟ ಇದ್ದು ಮಕ್ಕಳು ಓಡಾಡೋ ಕಡೆ ಆದರೆ ಖರ್ಚು ಜಾಸ್ತಿಯಾದರೂ ಫ್ಲೇಲೇ ಇರಲಿ. ನಾನು ಸ್ಲ್ಯಾಷರೇ ಇಟ್ಟುಕೊಂಡಿದ್ದೀನಿ. ಗರಿ ಪುಡಿ ಮಾಡೋಕೆ ವರ್ಷಕ್ಕೆರಡು ಸಲ ಭಾವನ ಫ್ಲೇಲ್ ತರ್ತೀನಿ, ಅದಕ್ಕೆ ಮುಂಚೆ ಡ್ರಿಪ್ ಪೈಪೆಲ್ಲ ಸುತ್ತಿ ಮರದ ಬುಡಕ್ಕೆ ಇಡ್ತೀನಿ.

ಸ್ಲಿಪ್ ಕ್ಲಚ್ ಇರೋರಿಗೆ ಒಂದು ಮಾತು. ಬೇಸಿಗೆಯೆಲ್ಲ ಮೂಲೇಲಿ ನಿಂತ ಕ್ಲಚ್ ತುಕ್ಕು ಹಿಡಿದು ಅಂಟಿಕೊಂಡಿರುತ್ತೆ, ಅದು ನಾನು ಹಾಕಿದ 8.8 ಬೋಲ್ಟಿಗೆ ಸಮ. ಸ್ಪ್ರಿಂಗಿನ ನಟ್ಟು ಸಡಿಲಿಸಿ, ಪ್ಲೇಟು ಜಾರುತ್ತಾ ಅಂತ ಒಂದು ಸಲ ತಿರುಗಿಸಿ ನೋಡಿ, ಆಮೇಲೆ ಮೊದಲಿನ ಅಳತೆಗೇ ಬಿಗಿ ಮಾಡಿ. ಭಾನುವಾರ ಬೆಳಗ್ಗೆ ನಮ್ಮ ಶೆಡ್ಡಲ್ಲಿ ಒಂದು ಬಿಚ್ತಿದ್ದೀವಿ. ಅಕ್ಕಪಕ್ಕದೋರು ಬನ್ನಿ, ನಿಮ್ಮ ಶಿಯರ್ ಬೋಲ್ಟ್ ಒಂದು ತನ್ನಿ, ತಲೆ ಮೇಲೆ ಏನು ಬರೆದಿದೆ ನೋಡೋಣ.