ಸಾಂಸ್ಥಿಕ ವರ್ತನಾ ನಿರ್ವಹಣೆ

ಸಾಂಸ್ಥಿಕ ವರ್ತನಾ ನಿರ್ವಹಣೆಯು ಉದ್ಯೋಗಸ್ಥಳದಲ್ಲಿ ಜನರ ಕಾರ್ಯವಿಧಾನವನ್ನು ಅವಲೋಕಿಸಿ, ಅಳೆದು, ಉತ್ತಮಪಡಿಸುವ ಅನ್ವಯಿಕ ಶಾಸ್ತ್ರವಾಗಿದೆ. ಇದು ವರ್ತನಾ ವಿಶ್ಲೇಷಣೆಯ ಒಂದು ಶಾಖೆ. ನಿರ್ವಹಣಾಶಾಸ್ತ್ರದ ಪಠ್ಯವಿಷಯವಾದ 'ಸಾಂಸ್ಥಿಕ ವರ್ತನೆ'ಯು ಮನೋಭಾವ, ವ್ಯಕ್ತಿತ್ವ, ನಾಯಕತ್ವ ಮೊದಲಾದವನ್ನೂ ಒಳಗೊಳ್ಳುತ್ತದೆ. ಈ ಶಾಖೆಯು ಕಣ್ಣಿಗೆ ಕಾಣುವ, ಎಣಿಸಬಹುದಾದ ವರ್ತನೆಗೆ ಒತ್ತು ನೀಡುತ್ತದೆ.

ಇತಿಹಾಸ

ಇದರ ತಾತ್ವಿಕ ತಳಹದಿಯನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ (1904–1990) ಹಾಕಿದರು. 1970ರ ಸುಮಾರಿಗೆ ಎಮರಿ ಏರ್ ಫ್ರೈಟ್ ಎಂಬ ಸರಕು ಸಾಗಣೆ ಕಂಪನಿಯಲ್ಲಿ ಎಡ್ವರ್ಡ್ ಫೀನಿ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಸಣ್ಣ ಪೊಟ್ಟಣಗಳನ್ನು ಒಟ್ಟುಗೂಡಿಸಿ ದೊಡ್ಡ ಪೆಟ್ಟಿಗೆಗಳಲ್ಲಿ ಕಳುಹಿಸುವ ನಿಯಮವನ್ನು ಸುಮಾರು ಶೇ. 90ರಷ್ಟು ಪಾಲಿಸುತ್ತಿದ್ದೇವೆಂದು ನೌಕರರು ನಂಬಿದ್ದರು. ಅಳೆದಾಗ ಅದು ಶೇ. 45 ಮಾತ್ರವಿತ್ತು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಪಟ್ಟಿಯಲ್ಲಿ ಗುರುತಿಸಿಕೊಳ್ಳುವ ಹಾಗೂ ಮೇಲ್ವಿಚಾರಕರು ಮೆಚ್ಚುಗೆ ಸೂಚಿಸುವ ಕ್ರಮದಿಂದ ಅದು ಶೇ. 95ಕ್ಕೆ ಏರಿತು. 1977ರಲ್ಲಿ ಈ ವಿಷಯಕ್ಕೆ ಮೀಸಲಾದ ಸಂಶೋಧನಾ ಪತ್ರಿಕೆ ಆರಂಭವಾಯಿತು.

ವಿಧಾನ

ಪೂರ್ವಸ್ಥಿತಿ, ವರ್ತನೆ ಮತ್ತು ಪರಿಣಾಮ ಎಂಬ ಮೂರು ಅಂಶಗಳನ್ನು ಪರಿಶೀಲಿಸಲಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗ ಇದಕ್ಕೆ ಒಳ್ಳೆಯ ನಿದರ್ಶನ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಕುಣಿಕೆಗಳ ಮೂಲಕ ಕೂಡಿಸಲಾಗುತ್ತದೆ. ನೂಲು ತಡವಾಗಿ ಬಂದರೆ ಅಥವಾ ಹಾಸು ಸಿದ್ಧವಿಲ್ಲದಿದ್ದರೆ ನೇಕಾರರು ಎಷ್ಟೇ ನಿಪುಣರಾಗಿದ್ದರೂ ಮಗ್ಗ ನಿಲ್ಲುತ್ತದೆ. ಇದು ಪೂರ್ವಸ್ಥಿತಿಯ ದೋಷ, ನೇಕಾರರ ಸೋಮಾರಿತನವಲ್ಲ. ಸೀರೆಯ ಲೆಕ್ಕದಲ್ಲಿ ಮಾತ್ರ ಕೂಲಿ ಕೊಟ್ಟರೆ ವೇಗಕ್ಕೆ ಪ್ರತಿಫಲ ದೊರೆಯುತ್ತದೆ, ಕುಣಿಕೆಯ ಅಚ್ಚುಕಟ್ಟಿಗೆ ದೊರೆಯುವುದಿಲ್ಲ. ಇದು ಪರಿಣಾಮದ ದೋಷ. ಬಾದಾಮಿಯ ಸಮೀಪದ ಗುಳೇದಗುಡ್ಡದ ಖಣ ನೇಯ್ಗೆಗೂ ಇದೇ ವಿಶ್ಲೇಷಣೆ ಅನ್ವಯಿಸುತ್ತದೆ. ಆದ್ದರಿಂದ ವ್ಯಕ್ತಿಯನ್ನು ದೂಷಿಸುವ ಮುನ್ನ ವ್ಯವಸ್ಥೆಯನ್ನು ಪರೀಕ್ಷಿಸುವುದು ಈ ಶಾಸ್ತ್ರದ ಮೂಲತತ್ತ್ವ.

ವೃತ್ತಿ

ಭಾರತದಲ್ಲಿ ಈ ಕೆಲಸವು ಸಾಮಾನ್ಯವಾಗಿ ಮಾನವ ಸಂಪನ್ಮೂಲ, ತರಬೇತಿ, ಗುಣಮಟ್ಟ ನಿಯಂತ್ರಣ ಮತ್ತು ಕಾರ್ಮಿಕ ಸುರಕ್ಷತೆಯ ಹುದ್ದೆಗಳಲ್ಲಿ ಸೇರಿಕೊಂಡಿರುತ್ತದೆ. ಮನೋವಿಜ್ಞಾನ, ಸಮಾಜಕಾರ್ಯ ಅಥವಾ ವಾಣಿಜ್ಯದ ಪದವಿಯ ನಂತರ ಎಂ.ಬಿ.ಎ. ಇಲ್ಲವೆ ಔದ್ಯೋಗಿಕ ಮನೋವಿಜ್ಞಾನದ ಸ್ನಾತಕೋತ್ತರ ಅಧ್ಯಯನ ಸಹಾಯಕವಾಗುತ್ತದೆ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಬಿ.ಎ. ವಿಭಾಗವಿದೆ. ಸಂಖ್ಯಾಶಾಸ್ತ್ರದ ಪರಿಚಯ, ಸೂಕ್ಷ್ಮ ಅವಲೋಕನ ಹಾಗೂ ಕಾರ್ಮಿಕರ ಭಾಷೆಯಲ್ಲಿ ಮಾತನಾಡುವ ಸಾಮರ್ಥ್ಯ ಅವಶ್ಯಕ. ಹುನಗುಂದ, ಇಳಕಲ್ ಮೊದಲಾದ ಊರುಗಳ ವಿದ್ಯಾರ್ಥಿಗಳು ಸಹಕಾರಿ ಸಂಘ, ಗ್ರಾನೈಟ್ ಘಟಕ ಅಥವಾ ನೇಯ್ಗೆ ಮನೆಯಲ್ಲಿ ಅನುಮತಿ ಪಡೆದು, ಒಂದೇ ಕಾರ್ಯವನ್ನು ಕೆಲವು ವಾರ ಅಳೆದು ವರದಿ ಬರೆಯುವ ಮೂಲಕ ಅಭ್ಯಾಸ ಆರಂಭಿಸಬಹುದು.

ಟೀಕೆ

ಅಳೆಯಲು ಸುಲಭವಾದುದಕ್ಕೆ ಮಾತ್ರ ಬೆಲೆ ಬರುತ್ತದೆ, ನಿಗಾವಣೆಯು ಕಾರ್ಮಿಕರ ಮೇಲಿನ ಒತ್ತಡವಾಗಬಹುದು ಎಂಬ ಆಕ್ಷೇಪಗಳಿವೆ. ಕಾರ್ಮಿಕರ ಒಪ್ಪಿಗೆ ಪಡೆಯುವುದು ಮತ್ತು ಹೆಚ್ಚಿದ ಉತ್ಪಾದನೆಯ ಲಾಭದಲ್ಲಿ ಅವರಿಗೂ ಪಾಲು ನೀಡುವುದು ಇದಕ್ಕೆ ಪರಿಹಾರವೆಂದು ಪರಿಗಣಿಸಲಾಗಿದೆ.