ಮಧ್ಯಾಹ್ನದ ಬಿಸಿಯೂಟ

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಶಾಲಾ ದಿನಗಳಲ್ಲಿ ಉಚಿತವಾಗಿ ಬಡಿಸುವ ಮಧ್ಯಾಹ್ನದ ಊಟವು ಕರ್ನಾಟಕದಲ್ಲಿ ಬಿಸಿಯೂಟವೆಂದೇ ಬಳಕೆಯಲ್ಲಿದೆ. ಯೋಜನೆಯ ಅಧಿಕೃತ ಹೆಸರು ಅಕ್ಷರ ದಾಸೋಹ. ದಾಸೋಹವೆಂದರೆ ಶರಣ ಪರಂಪರೆಯಲ್ಲಿ ಸೇವಾಭಾವದಿಂದ ಅನ್ನವನ್ನೂ ಅರಿವನ್ನೂ ಹಂಚಿಕೊಳ್ಳುವುದು.

ಶಾಲೆಯಲ್ಲಿ ಊಟ ಕೊಡುವ ಪ್ರಯತ್ನವು 1920ರ ದಶಕದ ಆರಂಭದಲ್ಲೇ ಮದ್ರಾಸ್ ನಗರಸಭೆಯ ಶಾಲೆಗಳಲ್ಲಿ ನಡೆದಿತ್ತು. 1950ರ ದಶಕದಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ಕೆ. ಕಾಮರಾಜ್ ಅದನ್ನು ಹಳ್ಳಿಗಳಿಗೆ ಒಯ್ದರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರ ಸರ್ಕಾರ ಇನ್ನಷ್ಟು ವಿಸ್ತರಿಸಿತು. ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದರೂ ಹೆಚ್ಚಿನ ರಾಜ್ಯಗಳು ಅಡುಗೆಯ ಗೊಡವೆಗೆ ಹೋಗದೆ, ಹಾಜರಾತಿ ತೃಪ್ತಿಕರವಾಗಿದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಟ್ಟು ಕೈತೊಳೆದುಕೊಂಡವು. ಆ ಧಾನ್ಯ ಮನೆಮಂದಿಯೆಲ್ಲರ ಪಾಲಾಗುತ್ತಿತ್ತೇ ಹೊರತು ತರಗತಿಯಲ್ಲಿ ಕುಳಿತ ಮಗುವಿನ ಮಧ್ಯಾಹ್ನದ ಹಸಿವನ್ನು ತಣಿಸುತ್ತಿರಲಿಲ್ಲ. ಈ ಕೊರತೆಯನ್ನು ನೀಗಿಸಿದ್ದು, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶ: ಪ್ರತಿ ಮಗುವಿಗೆ ಕನಿಷ್ಠ 300 ಕ್ಯಾಲೊರಿಯ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಲೇಬೇಕೆಂದು ಅದು ವಿಧಿಸಿತು. ಬಿಸಿಯೂಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ.

ಕರ್ನಾಟಕದಲ್ಲಿ ಯೋಜನೆಯು 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ, 2004ರಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೂ, 2007ರಲ್ಲಿ ಪ್ರೌಢಶಾಲೆಗಳಿಗೂ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು, ಬಳಿಕ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಸೇರಿಕೊಂಡವು.

ನಗರಗಳಲ್ಲಿ ಸ್ವಯಂಸೇವಾ ಸಂಸ್ಥೆಗಳ ಕೇಂದ್ರೀಕೃತ ಅಡುಗೆಮನೆಗಳಿಂದ ಊಟ ವಾಹನದಲ್ಲಿ ಬರುವುದುಂಟಾದರೂ ಹಳ್ಳಿಯ ಶಾಲೆಯಲ್ಲಿ ಅಡುಗೆ ಅಲ್ಲಿಯೇ ಆಗುತ್ತದೆ. ಬೆಳಿಗ್ಗೆ ಹಾಜರಾದ ಮಕ್ಕಳ ಲೆಕ್ಕ ಅಡುಗೆಕೋಣೆಗೆ ಬಂದೊಡನೆ ಅಕ್ಕಿ, ತೊಗರಿಬೇಳೆಗಳನ್ನು ಅಳೆದು ಹಾಕಿ, ತರಕಾರಿ ಹೆಚ್ಚಿ, ಅನ್ನ ಸಾಂಬಾರು ಸಿದ್ಧವಾದ ಮೇಲೆ ಶಿಕ್ಷಕರೊಬ್ಬರು ರುಚಿ ನೋಡಿದ ನಂತರವೇ ಸಾಲಾಗಿ ಕುಳಿತವರ ತಟ್ಟೆಗೆ ಬಡಿಸಬೇಕೆಂಬುದು ನಿಯಮ. ಒಂದೇ ಸಾಲಿನಲ್ಲಿ ಎಲ್ಲ ಜಾತಿಯ ಮಕ್ಕಳೂ ಉಣ್ಣುವ ಈ ಪಂಕ್ತಿ ಸುಲಭವಾಗಿ ದಕ್ಕಿದ್ದಲ್ಲ: ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ, ದಲಿತ ಮಹಿಳೆ ಮಾಡಿದ ಅಡುಗೆಯನ್ನು ಮಕ್ಕಳು ಉಣ್ಣದಂತೆ ಪೋಷಕರು ತಡೆದ ಪ್ರಸಂಗಗಳು ಹಲವೆಡೆ ನಡೆದಿವೆ. ಇಷ್ಟು ಹೊಣೆ ಹೊತ್ತ ಅಡುಗೆಯವರಿಗೆ ಸಿಗುವುದು ವೇತನವಲ್ಲ, ಗೌರವಧನ. ಕೇಂದ್ರವು 2009ರಲ್ಲಿ ಅದನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಪಡಿಸಿತು. ರಾಜ್ಯಗಳು ತಮ್ಮ ಪಾಲನ್ನು ಸೇರಿಸಿದರೂ ಆ ಮೊತ್ತ ದುಡಿಮೆಗೆ ತಕ್ಕುದಾಗಿಲ್ಲ, ಆದ್ದರಿಂದಲೇ ಬಿಸಿಯೂಟ ನೌಕರರು ಕನಿಷ್ಠ ವೇತನಕ್ಕಾಗಿ ಬೆಂಗಳೂರಿನಲ್ಲಿ ಮತ್ತೆ ಮತ್ತೆ ಧರಣಿ ಕುಳಿತಿದ್ದಾರೆ.