ಆರೋಗ್ಯ ಸೇವೆಯಲ್ಲಿ ಶಿಶಿಕ್ಷು ತರಬೇತಿ

ಆರೋಗ್ಯ ಸೇವೆಯಲ್ಲಿ ಶಿಶಿಕ್ಷು ತರಬೇತಿ ಎಂದರೆ ಆಸ್ಪತ್ರೆ, ರೋಗಪತ್ತೆ ಪ್ರಯೋಗಾಲಯ, ಡಯಾಲಿಸಿಸ್ ಕೇಂದ್ರ ಮೊದಲಾದ ಸಂಸ್ಥೆಗಳು ಕಲಿಯುವವರನ್ನು ಲಿಖಿತ ಒಪ್ಪಂದದ ಮೇಲೆ ನಿಗದಿತ ಅವಧಿಗೆ ಸೇರಿಸಿಕೊಂಡು, ಶಿಷ್ಯವೇತನ ನೀಡಿ, ಕೆಲಸದ ಸ್ಥಳದಲ್ಲಿಯೇ ವೃತ್ತಿಯನ್ನು ಕಲಿಸುವ ವ್ಯವಸ್ಥೆ. ಸರ್ಕಾರಿ ಬರವಣಿಗೆಯಲ್ಲಿ ‘ಶಿಶಿಕ್ಷು’ ಎನ್ನುವುದನ್ನು ಜನರು ‘ಅಪ್ರೆಂಟಿಸ್’ ಎಂದೇ ಕರೆಯುತ್ತಾರೆ. ಈ ಲೇಖನವು ಮುಖ್ಯವಾಗಿ ಭಾರತದಲ್ಲಿ ಈ ತರಬೇತಿಯಿಂದ ಉದ್ಯೋಗದಾತ ಸಂಸ್ಥೆಗಳಿಗೆ ಆಗುವ ಪ್ರಯೋಜನಗಳನ್ನೂ ಎದುರಾಗುವ ತೊಡಕುಗಳನ್ನೂ ಕುರಿತದ್ದು.

ವೈದ್ಯ ಪದವಿಯ ವಿದ್ಯಾರ್ಥಿಗಳು ಮಾಡುವ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಇದರಲ್ಲಿ ಸೇರುವುದಿಲ್ಲ. ಶುಶ್ರೂಷಕರಾಗಿ ನೋಂದಣಿ ಪಡೆಯಲು ಮಾನ್ಯತೆ ಪಡೆದ ಶುಶ್ರೂಷಾ ಶಾಲೆ ಅಥವಾ ಕಾಲೇಜಿನ ವ್ಯಾಸಂಗವೇ ಬೇಕು. ಶಿಶಿಕ್ಷು ತರಬೇತಿ ಅದಕ್ಕೆ ಬದಲಿಯಲ್ಲ. ಪ್ರಯೋಗಾಲಯ ತಂತ್ರಜ್ಞ, ರಕ್ತ ಸಂಗ್ರಾಹಕ, ಡಯಾಲಿಸಿಸ್ ಸಹಾಯಕ, ರೋಗಿಗಳ ಆರೈಕೆಯ ಸಹಾಯಕ ಮುಂತಾದ ಕೆಲಸಗಳು ಇದರ ವ್ಯಾಪ್ತಿಗೆ ಬರುತ್ತವೆ. ಆಸ್ಪತ್ರೆಯ ವಿದ್ಯುತ್ ವ್ಯವಸ್ಥೆ, ಹವಾನಿಯಂತ್ರಣ, ಕಚೇರಿ ಲೆಕ್ಕಪತ್ರ ಇವುಗಳಿಗೂ ಶಿಶಿಕ್ಷುಗಳನ್ನು ತೆಗೆದುಕೊಳ್ಳಬಹುದು.

ಹಿನ್ನೆಲೆ

ವೈದ್ಯವನ್ನು ಗುರುವಿನ ಬಳಿಯಿದ್ದು ಕಲಿಯುವುದು ಪ್ರಾಚೀನ ರೂಢಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಕ್ರಿಯೆಯ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ. ಶಿಷ್ಯನು ಮೊದಲು ಸೋರೆಕಾಯಿ, ಸೌತೆಕಾಯಿಗಳಂಥವನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕೆಂಬ ವಿಧಿ ಅಲ್ಲಿದೆ. ಇಂದಿನ ತರಬೇತಿ ಕೊಠಡಿಗಳಲ್ಲಿ ಪ್ಲಾಸ್ಟಿಕ್ ತೋಳಿಗೆ ಸೂಜಿ ಚುಚ್ಚಿ ಕಲಿಯುವುದರ ಹಿಂದೆ ಇರುವುದೂ ಇದೇ ವಿವೇಕ. ಇಂಗ್ಲೆಂಡಿನಲ್ಲಿ 1815ರ ಅಪಾಥೆಕರಿಗಳ ಕಾಯ್ದೆಯು ಔಷಧ ವೃತ್ತಿಗೆ ಐದು ವರ್ಷಗಳ ಶಿಶಿಕ್ಷು ತರಬೇತಿಯನ್ನು ಕಡ್ಡಾಯ ಮಾಡಿತು. ಇಂಗ್ಲಿಷ್ ಸಾಹಿತ್ಯ ಓದಿದವರಿಗೆಲ್ಲ ಪರಿಚಿತನಾದ ಕವಿ ಜಾನ್ ಕೀಟ್ಸ್ ಕೂಡ ಹದಿಹರೆಯದಲ್ಲಿ ಥಾಮಸ್ ಹ್ಯಾಮಂಡ್ ಎಂಬ ಶಸ್ತ್ರವೈದ್ಯನ ಬಳಿ ಹೀಗೆ ಕಲಿಯಲು ಸೇರಿದ್ದವನು.

ಭಾರತದ ಕಾನೂನು

ಶಿಶಿಕ್ಷುಗಳ ಕಾಯ್ದೆ 1961ರಲ್ಲಿ ಅಂಗೀಕಾರವಾಯಿತು. ಆರಂಭದಲ್ಲಿ ಕಾರ್ಖಾನೆಗಳ ಕಸುಬುಗಳೇ ಅದರ ಲಕ್ಷ್ಯದಲ್ಲಿದ್ದವು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, 1986ರ ತಿದ್ದುಪಡಿಯಿಂದ ವೃತ್ತಿಶಿಕ್ಷಣದ ವಿದ್ಯಾರ್ಥಿಗಳೂ ಸೇರಿದರು. 2014ರ ತಿದ್ದುಪಡಿ ಆಸ್ಪತ್ರೆಗಳ ಮಟ್ಟಿಗೆ ಹೆಚ್ಚು ಮಹತ್ವದ್ದು. ಸರ್ಕಾರ ಗೊತ್ತುಪಡಿಸಿದ ಕಸುಬುಗಳಲ್ಲದೆ ಉದ್ಯೋಗದಾತರೇ ರೂಪಿಸುವ ‘ಐಚ್ಛಿಕ ಕಸುಬು’ಗಳಿಗೂ ಅದು ಅವಕಾಶ ನೀಡಿತು ಮತ್ತು ಕಾಯ್ದೆಯ ಉಲ್ಲಂಘನೆಗಿದ್ದ ಸೆರೆವಾಸದ ಶಿಕ್ಷೆಯನ್ನು ತೆಗೆದುಹಾಕಿತು.

2019ರ ನಿಯಮಗಳಂತೆ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆ ಶಿಶಿಕ್ಷುಗಳನ್ನು ಸೇರಿಸಿಕೊಳ್ಳಲೇಬೇಕು. ಇವರ ಸಂಖ್ಯೆ ಗುತ್ತಿಗೆ ನೌಕರರೂ ಸೇರಿದಂತೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರ ನಡುವೆ ಇರಬೇಕು. ಎಂದರೆ 200 ಸಿಬ್ಬಂದಿಯ ಆಸ್ಪತ್ರೆ ಕನಿಷ್ಠ 5, ಗರಿಷ್ಠ 30 ಮಂದಿಗೆ ಕಲಿಸಬೇಕಾಗುತ್ತದೆ. ಅದೇ ನಿಯಮಗಳು ಕನಿಷ್ಠ ಶಿಷ್ಯವೇತನವನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000 ರೂಪಾಯಿಯಿಂದ 9,000 ರೂಪಾಯಿಯವರೆಗೆ ನಿಗದಿಪಡಿಸಿದವು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ಕೇಂದ್ರ ಸರ್ಕಾರ ಶಿಷ್ಯವೇತನದ ಕಾಲುಭಾಗವನ್ನು, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿಯನ್ನು, ತಾನು ಭರಿಸುತ್ತದೆ.

ಕಾಯ್ದೆಯ 18ನೆಯ ಕಲಮಿನ ಪ್ರಕಾರ ಶಿಶಿಕ್ಷು ಕಲಿಯುವವನೇ ಹೊರತು ಕಾರ್ಮಿಕನಲ್ಲ. ಮುಂದೆ ಹೇಳುವ ಅನುಕೂಲ ಹಾಗೂ ತೊಡಕುಗಳೆರಡಕ್ಕೂ ಈ ಒಂದು ವಾಕ್ಯವೇ ಮೂಲ.

ಉದ್ಯೋಗದಾತರಿಗೆ ಪ್ರಯೋಜನಗಳು

ಮೇಲುನೋಟಕ್ಕೆ ಕಾಣುವ ಪ್ರಯೋಜನ ಖರ್ಚಿನದು. ಶಿಷ್ಯವೇತನ ಪೂರ್ಣ ಸಂಬಳಕ್ಕಿಂತ ಕಡಿಮೆ. ಭವಿಷ್ಯನಿಧಿಯ ವಂತಿಗೆಯಾಗಲಿ ನೌಕರರ ರಾಜ್ಯ ವಿಮೆಯ ವಂತಿಗೆಯಾಗಲಿ ಈ ಕಾಯ್ದೆಯಡಿ ಸೇರಿದ ಶಿಶಿಕ್ಷುಗಳಿಗೆ ಅನ್ವಯಿಸುವುದಿಲ್ಲ. ಆದರೆ ಇದೊಂದನ್ನೇ ನೋಡಿ ಸೇರಿಸಿಕೊಳ್ಳುವ ಸಂಸ್ಥೆಗೆ ಉಳಿದ ಪ್ರಯೋಜನಗಳು ದಕ್ಕುವುದು ಕಷ್ಟ.

ನಿಜವಾದ ಲಾಭ, ಆ ಆಸ್ಪತ್ರೆಯ ಕ್ರಮಕ್ಕೆ ಹೊಂದಿಕೊಂಡ ಕೈ ಸಿಗುವುದು. ಪ್ರಮಾಣಪತ್ರ ಹಿಡಿದು ಹೊರಗಿನಿಂದ ಬಂದ ತಂತ್ರಜ್ಞನಿಗೆ ಪಾಠ ಗೊತ್ತಿದ್ದರೂ ಅಲ್ಲಿನ ಯಂತ್ರ, ದಾಖಲೆಯ ಪದ್ಧತಿ, ತುರ್ತು ಸಂದರ್ಭದಲ್ಲಿ ಯಾರನ್ನು ಕರೆಯಬೇಕೆಂಬ ತಿಳಿವಳಿಕೆ ಹೊಸದು. ರಕ್ತ ಸಂಗ್ರಹವನ್ನೇ ನೋಡೋಣ. ರಕ್ತಕಣಗಳ ಎಣಿಕೆಗೆ ನೇರಳೆ ಮುಚ್ಚಳದ ನಳಿಕೆ, ಸಕ್ಕರೆಯ ಪರೀಕ್ಷೆಗೆ ಬೂದುಬಣ್ಣದ್ದು ಎಂಬುದನ್ನು ಪುಸ್ತಕ ಕಲಿಸುತ್ತದೆ. ಬೆಳಗಿನ ಏಳು ಗಂಟೆಗೆ ಹಸಿದ ಹೊಟ್ಟೆಯಲ್ಲಿ ಸಾಲುಗಟ್ಟಿ ನಿಂತವರ ನಡುವೆ ಪ್ರತಿಯೊಬ್ಬರ ಹೆಸರು ಕೇಳಿ, ನಳಿಕೆಯ ಮೇಲಿನ ಚೀಟಿಯೊಡನೆ ತಾಳೆ ನೋಡುವ ಅಭ್ಯಾಸವನ್ನು ಕಲಿಸುವುದು ಪ್ರಯೋಗಾಲಯವೇ. ಒಂದು ವರ್ಷ ಈ ಶಿಸ್ತಿನಲ್ಲಿದ್ದವನನ್ನು ಮುಂದೆ ನೌಕರಿಗೆ ತೆಗೆದುಕೊಂಡರೆ ಮತ್ತೆ ಮೊದಲಿನಿಂದ ಕಲಿಸಬೇಕಾಗಿಲ್ಲ.

ಆಯ್ಕೆಯೂ ಸುಲಭವಾಗುತ್ತದೆ. ಅರ್ಧ ಗಂಟೆಯ ಸಂದರ್ಶನದಲ್ಲಿ ತಾಳ್ಮೆ, ಶುಚಿತ್ವ, ರೋಗಿಯೊಡನೆ ಮಾತನಾಡುವ ರೀತಿ ತಿಳಿಯುವುದಿಲ್ಲ; ತಿಂಗಳುಗಟ್ಟಲೆ ಜತೆಗಿದ್ದರೆ ತಿಳಿಯುತ್ತದೆ. ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ ಸ್ಥಳೀಯ ಯುವಜನರೇ ದೊರೆಯುವುದು ಇನ್ನೊಂದು ಅನುಕೂಲ. ವಾರ್ಡಿನಲ್ಲಿ ಮಲಗಿದ ವೃದ್ಧೆ ತನ್ನ ನೋವನ್ನು ತನ್ನೂರಿನ ಮಾತಿನಲ್ಲಿ ಹೇಳಿಕೊಳ್ಳಲು ಕಿವಿಯೊಂದು ಇರುವುದು ಚಿಕಿತ್ಸೆಗೂ ಉಪಯುಕ್ತ. ಹಿರಿಯ ಸಿಬ್ಬಂದಿಗೂ ಲಾಭವಿದೆ: ಬೇರೆಯವರಿಗೆ ಹೇಳಿಕೊಡುವಾಗ, ತಾವು ಅಭ್ಯಾಸಬಲದಿಂದ ಬಿಟ್ಟುಬಿಟ್ಟಿದ್ದ ಹಂತಗಳು ನೆನಪಿಗೆ ಬರುತ್ತವೆ.

ಸವಾಲುಗಳು

ಅತಿ ದೊಡ್ಡ ಸವಾಲು ಕಲಿಸುವವರ ಸಮಯ. ಶಿಷ್ಯವೇತನ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ಹಿರಿಯ ತಂತ್ರಜ್ಞ ದಿನಕ್ಕೆ ಎರಡು ಗಂಟೆ ಪಕ್ಕದಲ್ಲಿ ನಿಂತು ಹೇಳಿಕೊಟ್ಟದ್ದು ಯಾವ ಪುಟದಲ್ಲಿಯೂ ಕಾಣುವುದಿಲ್ಲ. ಆತನ ಎಂದಿನ ಕೆಲಸವನ್ನು ಕಡಿಮೆ ಮಾಡದೆ ಕಲಿಸುವ ಹೊಣೆಯನ್ನೂ ಹೊರಿಸಿದರೆ ಎರಡರಲ್ಲಿ ಒಂದು ಹಾಳಾಗುತ್ತದೆ, ಬಹುಮಟ್ಟಿಗೆ ಕಲಿಕೆಯೇ. ಸಿಬ್ಬಂದಿಯ ಕೊರತೆಯಿಂದ ಬಳಲುವ ಆಸ್ಪತ್ರೆಗೆ ಶಿಶಿಕ್ಷುಗಳ ಅಗತ್ಯ ಹೆಚ್ಚು. ಅವರಿಗೆ ಕಲಿಸುವ ಬಿಡುವು ಅಲ್ಲಿಯೇ ಅತಿ ಕಡಿಮೆ.

ಇಲ್ಲಿಂದಲೇ ಮುಂದಿನ ಅಪಾಯ ಹುಟ್ಟುತ್ತದೆ. ಪಾಳಿಯಲ್ಲಿ ಒಬ್ಬರು ಬಾರದ ದಿನ ಶಿಶಿಕ್ಷುವನ್ನು ಆ ಜಾಗಕ್ಕೆ ನಿಲ್ಲಿಸುವ ಸೆಳೆತ ಬಲವಾದದ್ದು. ಒಂದು ದಿನದ ಏರ್ಪಾಡು ಕ್ರಮೇಣ ರೂಢಿಯಾಗುತ್ತದೆ. ಡಯಾಲಿಸಿಸ್‌ನಂಥ, ಸುಮಾರು ನಾಲ್ಕು ಗಂಟೆ ರೋಗಿಯ ರಕ್ತ ಯಂತ್ರದ ಮೂಲಕ ಹರಿಯುವ ಚಿಕಿತ್ಸೆಯಲ್ಲಿ ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯಬಹುದು. ಅಂಥ ಹೊತ್ತಿನಲ್ಲಿ ಕಲಿಯುವವನೊಬ್ಬನೇ ಇರುವುದು ರೋಗಿಗೂ ಅನ್ಯಾಯ, ಕಲಿಯುವವನಿಗೂ ಅನ್ಯಾಯ. ತರಬೇತಿಯ ಹಿತಕ್ಕಾಗಿ ಅಥವಾ ಸಾರ್ವಜನಿಕ ಹಿತಕ್ಕಾಗಿ ಶಿಶಿಕ್ಷು ಸಲಹಾಧಿಕಾರಿ ಒಪ್ಪಿಗೆ ನೀಡದ ಹೊರತು ಶಿಶಿಕ್ಷುವಿನಿಂದ ಹೆಚ್ಚುವರಿ ಅವಧಿಯ ಕೆಲಸ ಮಾಡಿಸಕೂಡದೆಂದು 15ನೆಯ ಕಲಮು ಹೇಳುತ್ತದೆ.

ತಪ್ಪಾದರೆ ಹೊಣೆ ಸಂಸ್ಥೆಯದೇ. ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತು. ಮಾದರಿ ಅದಲುಬದಲಾದಾಗ, ಅದನ್ನು ಮಾಡಿದವನು ಇನ್ನೂ ಕಲಿಯುತ್ತಿದ್ದನೆಂಬ ಸಮಜಾಯಿಷಿಯಿಂದ ಆಸ್ಪತ್ರೆ ಹೊಣೆಯಿಂದ ಪಾರಾಗದು.

ಶಿಶಿಕ್ಷುವಿನ ಸುರಕ್ಷತೆಯೂ ಉದ್ಯೋಗದಾತನ ಹೊಣೆ. ತರಬೇತಿಯ ವೇಳೆ ಅಪಘಾತದಿಂದ ಗಾಯವಾದರೆ ಪರಿಹಾರ ಕೊಡಬೇಕೆಂದು 16ನೆಯ ಕಲಮು ವಿಧಿಸಿದೆ. ಹೊಸಬರಿಗೆ ಸೂಜಿ ಚುಚ್ಚುವ ಸಂಭವ ಹೆಚ್ಚು. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು 2016, ಅಂಥ ತ್ಯಾಜ್ಯವನ್ನು ಮುಟ್ಟುವವರಿಗೆಲ್ಲ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ವಿರುದ್ಧ ಲಸಿಕೆ ಹಾಕಿಸಬೇಕೆನ್ನುತ್ತವೆ. ಹೆಪಟೈಟಿಸ್ ಬಿ ಲಸಿಕೆಯ ಮೂರನೆಯ ವರಸೆ ಸಾಮಾನ್ಯವಾಗಿ ಆರನೆಯ ತಿಂಗಳಿಗೆ ಬರುತ್ತದೆ. ಆರು ತಿಂಗಳ ತರಬೇತಿಗೆ ಬಂದವರಿಗೆ ಸೇರಿದ ದಿನವೇ ಮೊದಲ ವರಸೆ ಹಾಕಿಸದಿದ್ದರೆ, ರಕ್ಷಣೆ ಪೂರ್ಣವಾಗುವ ಮೊದಲೇ ತರಬೇತಿ ಮುಗಿದಿರುತ್ತದೆ. ಎಚ್‌ಐವಿ ಸೋಂಕಿನ ಶಂಕೆಯಿರುವ ಸೂಜಿ ಚುಚ್ಚಿದರೆ ತಡೆ ಔಷಧವನ್ನು 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗ ಆರಂಭಿಸಿ 28 ದಿನ ಕೊಡಬೇಕು. ಬೈಯುತ್ತಾರೆಂಬ ಭಯದಿಂದ ಹುಡುಗಿಯೊಬ್ಬಳು ಇದನ್ನು ಮುಚ್ಚಿಟ್ಟರೆ ಆ ಅವಧಿ ಕಳೆದೇಹೋಗುತ್ತದೆ. ಆದ್ದರಿಂದ ಚುಚ್ಚಿದ್ದನ್ನು ತಿಳಿಸಿದವರನ್ನು ಗದರದಿರುವುದೂ ತರಬೇತಿಯ ಭಾಗವಾಗಬೇಕು.

ಒಪ್ಪಂದದ ನೋಂದಣಿ, ಹಾಜರಿ, ಮೌಲ್ಯಮಾಪನದ ದಾಖಲೆಗಳು ದೊಡ್ಡ ಆಸ್ಪತ್ರೆಗೆ ಭಾರವಲ್ಲ. ಪ್ರತ್ಯೇಕ ಸಿಬ್ಬಂದಿ ವಿಭಾಗವಿಲ್ಲದ ಸಣ್ಣ ನರ್ಸಿಂಗ್ ಹೋಮಿಗೆ ಭಾರವೇ.

ಇಂಗ್ಲೆಂಡಿನ ವ್ಯವಸ್ಥೆ

ಇಂಗ್ಲೆಂಡಿನಲ್ಲಿ, ಭಾರತಕ್ಕಿಂತ ಭಿನ್ನವಾಗಿ, ಶಿಶಿಕ್ಷುವಾಗಿದ್ದುಕೊಂಡೇ ಪದವಿ ಪಡೆದು ನೋಂದಾಯಿತ ಶುಶ್ರೂಷಕರಾಗಬಹುದು. ವಾರ್ಷಿಕ ಸಂಬಳದ ಮೊತ್ತ 30 ಲಕ್ಷ ಪೌಂಡ್ ಮೀರಿದ ಸಂಸ್ಥೆಗಳ ಮೇಲೆ 2017ರ ಏಪ್ರಿಲ್‌ನಿಂದ ಶೇ. 0.5ರ ಶಿಶಿಕ್ಷು ತೆರಿಗೆ ಜಾರಿಗೆ ಬಂತು. ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳೂ ಅದನ್ನು ತೆರುತ್ತವೆ. ಆ ಹಣವನ್ನು ಬೋಧನೆ ಮತ್ತು ಮೌಲ್ಯಮಾಪನಕ್ಕೆ ಬಳಸಬಹುದೇ ಹೊರತು ಶಿಶಿಕ್ಷುವಿನ ಸಂಬಳಕ್ಕಾಗಲಿ, ಅವರು ತರಗತಿಗೆ ಹೋದಾಗ ಅವರ ಸ್ಥಾನದಲ್ಲಿ ನಿಲ್ಲುವ ಬದಲಿ ಸಿಬ್ಬಂದಿಗಾಗಲಿ ಬಳಸುವಂತಿಲ್ಲ. ಸಾಕಷ್ಟು ಹಣವಿರುವ ವ್ಯವಸ್ಥೆಯಲ್ಲಿಯೂ ತೊಡಕು ಸಮಯದ ಸುತ್ತಲೇ ಸುತ್ತುತ್ತದೆ.

ತರಬೇತಿಯ ನಂತರ

ತರಬೇತಿ ಮುಗಿಸಿದವರಿಗೆ ಕೆಲಸ ಕೊಡುವ ಕಡ್ಡಾಯ ಭಾರತದಲ್ಲಿಲ್ಲ. 2014ರ ತಿದ್ದುಪಡಿಯ ನಂತರ 22ನೆಯ ಕಲಮು, ನೇಮಕಾತಿಯ ನೀತಿಯನ್ನು ಉದ್ಯೋಗದಾತನೇ ರೂಪಿಸಬೇಕೆನ್ನುತ್ತದೆ. ಇತರ ಅರ್ಹತೆಗಳು ಸಮಾನವಾಗಿದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಸಲ್ಲಬೇಕೆಂದು ಉತ್ತರ ಪ್ರದೇಶ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿದೆ. ಕಲಿತವರು ಹೆಚ್ಚಿನ ಸಂಬಳಕ್ಕೆ ನಗರಕ್ಕೋ ಕೊಲ್ಲಿ ರಾಷ್ಟ್ರಗಳಿಗೋ ಹೋಗುತ್ತಾರೆಂಬುದು ಸಣ್ಣ ಊರಿನ ಆಸ್ಪತ್ರೆಗಳ ದೂರು. ದೂರಿನಲ್ಲಿ ಹುರುಳಿದೆ. ಆದರೆ ತರಬೇತಿ ಮುಗಿಯುವ ಮುನ್ನವೇ ಖಾಲಿ ಹುದ್ದೆ ಎಷ್ಟು, ಸಂಬಳ ಎಷ್ಟು ಎಂಬುದನ್ನು ಶಿಶಿಕ್ಷುವಿಗೆ ಬರಹದಲ್ಲಿ ತಿಳಿಸುವ ಸಂಸ್ಥೆಗೆ ಅವರನ್ನು ಉಳಿಸಿಕೊಳ್ಳುವ ಅವಕಾಶ ಹೆಚ್ಚು.